ಸಂಬಂಧದ ಕಾಲಂ

ಹೊಂಗೆ ಮರ ಕೋರ್ಟಿಗಿಂತ ಹಳೆಯದು.
ಅದರ ಬುಡದಲ್ಲಿ ನನ್ನ ಟೇಬಲ್ಲು,
ಕುಂಟುವ ಕಾಲಿನಡಿ ಮಡಿಸಿಟ್ಟ ವಕಾಲತ್ತು ಫಾರಂ.
ಪುಟಕ್ಕೆ ಮೂವತ್ತು, ಅರ್ಜೆಂಟಾದರೆ ನಲವತ್ತು.
ಕಬ್ಬು ಅರೆಯುವ ತಿಂಗಳಲ್ಲಿ ಮಂಡ್ಯಕ್ಕೆ ಮಂಡ್ಯವೇ ಬೆಲ್ಲದ ವಾಸನೆ,
ಈ ಕಾಂಪೌಂಡಿಗೆ ಮಾತ್ರ ಸ್ಟಾಂಪ್ ಪ್ಯಾಡಿನದು.

ಕಾನೂನು ಹೊಸದಾದಾಗಿನಿಂದ ನನ್ನ ಬೆರಳಿಗೆ ಗೊಂದಲ.
ಮೂರು, ಏಳು, ಒಂಬತ್ತು ಎಂದು ತಾವಾಗೇ ಓಡುತ್ತವೆ;
ಕಳ್ಳತನ ಆ ಮನೆ ಖಾಲಿ ಮಾಡಿ
ಮುನ್ನೂರ ಮೂರಕ್ಕೆ ಬಂದು ಕೂತಿದೆ,
ಕೊಲೆ ನೂರ ಮೂರಕ್ಕೆ ಹೋಗಿದೆ.
ಬೈಗುಳದಲ್ಲಿ ಫೋರ್‌ಟ್ವೆಂಟಿ ಇನ್ನೂ ಫೋರ್‌ಟ್ವೆಂಟಿಯೇ,
ಸಂತೆಗೆ ಯಾರೂ ಗೆಜೆಟ್ ಕಳಿಸಿಲ್ಲ.

ಮುನ್ನೂರ ಮೂರು ಎಂದದ್ದೇ ಚಿಕ್ಕತಾಯಮ್ಮ ಎದೆ ಹಿಡಿದುಕೊಂಡಳು:
"ಮುನ್ನೂರೆರಡು ಅಂದ್ರೆ ಕೊಲೆ ಅಂತ ಟೀವೀಲಿ ಕೇಳಿವ್ನಿ ಕಣವ್ವ,
ಇದು ಅದ್ಕಿಂತ ಒಂದು ಜಾಸ್ತಿ!"
ಇಲ್ಲಮ್ಮ, ಇದು ಬರೀ ಕೇಬಲ್ಲು.

ಅರವತ್ತು ಮೀಟರು, ಪಂಪ್‌ಸೆಟ್ಟಿನದು.
ಸುಟ್ಟು ತಾಮ್ರ ಮಾರಲು ಹೊರಟ ಮರಿಸ್ವಾಮಿ
ಬೆಂಕಿಪೊಟ್ಟಣ ಹುಡುಕುವಾಗಲೇ ಸಿಕ್ಕಿಬಿದ್ದ.
ಎರಡನೇ ತಿಂಗಳಲ್ಲೇ ಜಾಮೀನು ಸಿಕ್ಕಿತು.
ಇದು ಹದಿನಾಲ್ಕನೇ ತಿಂಗಳು.
ಜಾಮೀನು ಸಿಕ್ಕಿದೆ, ಜಾಮೀನುದಾರ ಸಿಕ್ಕಿಲ್ಲ:
ಐವತ್ತು ಸಾವಿರಕ್ಕೆ ಪಹಣಿ ಇರುವ ಒಬ್ಬ.
ಷರತ್ತು ಸಡಿಲಿಸಿ ಎಂದು ಎರಡು ಸಲ ನಾನೇ ಟೈಪು ಮಾಡಿದೆ.
ಎರಡು ಸಲವೂ ದುಡ್ಡು ಎಣಿಸಿಕೊಂಡೆ.

ವಕೀಲ ನಂಜೇಶ್ ಹೊಸ ಪುಸ್ತಕ ಬಿಚ್ಚಿದ, ಅಂಟಿನ ವಾಸನೆ ಇನ್ನೂ ಹೋಗಿಲ್ಲ.
"ಮೊದಲ ತಪ್ಪಾದರೆ, ಶಿಕ್ಷೆಯ ಮೂರನೇ ಒಂದು ಪಾಲು
ಒಳಗೇ ಕಳೆದಿದ್ದರೆ, ಬಿಡಬೇಕು. ಇಲ್ಲೇ ಇದೆ ನೋಡಿ."
ಚಿಕ್ಕತಾಯಮ್ಮ ಅಕ್ಷರ ಬಾರದಿದ್ದರೂ ನೋಡಿದಳು.
ಅವನು ಹೆಬ್ಬೆರಳಿಂದ ಇನ್ನಷ್ಟು ಕೆಳಗೆ ಸರಿದ:
"ಮೇಲೊಂದು ಕೇಸಿದ್ದರೆ ಇಲ್ಲ."
ಇದೆ. ಲಾರಿ ಬ್ಯಾಟರಿ. ಅದೇ ಠಾಣೆ, ಅದೇ ಪೆನ್ನು.

ಪಹಣಿ ಬಾಡಿಗೆಗೆ ಬಿಡುವ ತಮ್ಮಣ್ಣ
ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿನ್ನುತ್ತಲೇ ಎಂಟು ಸಾವಿರ ಎಂದ.
ಅವಳ ಸೆರಗಿನ ಗಂಟಿನಲ್ಲಿದ್ದದ್ದು ಬಸ್ಸಿನ ಚಿಲ್ಲರೆ.

ಆಗ ಕೆಂಚೇಗೌಡ ಬಂದ. ಕೇಬಲ್ಲಿನ ಯಜಮಾನ.
ಅವನೂ ಪ್ರತಿ ವಾಯಿದೆಗೆ ಬರುತ್ತಾನೆ, ಅದೇ ಬಸ್ಸಿಗೆ;
ಹದಿನಾಲ್ಕು ತಿಂಗಳಿಂದ ಇಬ್ಬರೂ
ಒಂದೇ ಕಲ್ಲಿನ ಎರಡು ತುದಿಯಲ್ಲಿ ಕೂತು ಮಾತಾಡಿಲ್ಲ.
"ಠಾಣೇಲಿ ಕೇಬಲ್ಲು ಇಲಿ ತಿಂತಾವೆ," ಎಂದ ನನಗೆ.
"ಮುದ್ದೆಮಾಲಂತೆ! ಮುದ್ದೆಯಾದ್ರೆ ನಾನೇ ತಿಂತಿರ್ಲಿಲ್ವಾ.
ಹೊಸ ಕೇಬಲ್ಲು ಎಳೆದು ಬೆಳೆ ಎರಡು ಕುಯ್ದಾಯ್ತು.
ಇವ್ನು ಒಳಗೇ ಇರ್ಲಿ ಅಂತ ನಾನೇನು ಹರಕೆ ಹೊತ್ತಿಲ್ಲ."

ಜೇಬಿನಿಂದ ತೆಗೆದ ಪಹಣಿ
ನಾಲ್ಕು ಮಡಿಕೆಯಲ್ಲಿ, ಬೆವರಿಗೆ ಅಂಟಿಕೊಂಡಿತ್ತು.

ನಂಜೇಶ್ ನಕ್ಕ, ಆಮೇಲೆ ನಗು ನಿಲ್ಲಿಸಿ
ಪುಸ್ತಕದ ಹಿಂದೆ ಮುಂದೆ ಹುಡುಕಿದ.
ದೂರುದಾರ ಜಾಮೀನು ಕೊಡಬಾರದು ಎಂದು
ಎಲ್ಲೂ ಬರೆದಿಲ್ಲ. ಕೊಡಬಹುದು ಎಂದೂ ಬರೆದಿಲ್ಲ.
ಇಂಥದ್ದು ಬರೆಯಲು ಯಾರಿಗೂ ಹೊಳೆದಿರಲಿಕ್ಕಿಲ್ಲ.

ನಾನು ಫಾರಂ ತೆರೆದೆ. ಕಲಂ ಬದಲಾಗಿದೆ, ಕಾಲಂ ಅದೇ:
ಹೆಸರು. ತಂದೆ. ಸರ್ವೆ ನಂಬರು.
ಐದನೆಯದು, ಆರೋಪಿಗೂ ನಿಮಗೂ ಸಂಬಂಧ.

ಮಾವ, ಚಿಕ್ಕಪ್ಪ, ಒಂದೇ ಊರು ಎಂದು
ಈ ಬೆರಳು ಎಷ್ಟು ಸುಳ್ಳು ಒತ್ತಿಲ್ಲ.
ಚಿಕ್ಕತಾಯಮ್ಮ ನೆಲ ನೋಡುತ್ತಿದ್ದಳು,
ಹೊಂಗೆ ಹೂವು ಬಿದ್ದು ಬಿದ್ದು ನೆಲ ಕಾಣುತ್ತಿರಲಿಲ್ಲ.
ಕೆಂಚೇಗೌಡ ಬೀಡಿ ಕಿವಿಗೆ ಸಿಕ್ಕಿಸಿ ಯೋಚಿಸಿದ.

"ಅರವತ್ತು ಮೀಟರು ಅಂತ ಹಾಕವ್ವ," ಎಂದ.

ಹಾಕಿದೆ.
ಸಾಹೇಬರು ಏನನ್ನುತ್ತಾರೋ ಗುರುವಾರ ಗೊತ್ತಾಗುತ್ತೆ.
ಮೂವತ್ತು ರೂಪಾಯಿ ಅವನೇ ಕೊಡಲು ಬಂದ,
ಅವಳೂ ಸೆರಗಿನ ಗಂಟು ಬಿಚ್ಚಿದಳು.
ಯಾರದ್ದು ತೆಗೆದುಕೊಳ್ಳಲಿ ಎಂದು ತಿಳಿಯದೆ
ಪ್ರಿಂಟರಿಗೆ ಹಾಳೆ ತುಂಬುತ್ತ ಕೂತೆ.