ಘಾಟು

ಬ್ಯಾಡಗಿಯಲ್ಲಿ ಎಲ್ಲರ ಗಂಟಲೂ ಒಂದಿಷ್ಟು ಹರಿದೇ ಇರುತ್ತದೆ.
ಮಾರ್ಚಿನಲ್ಲಿ ಬಸ್ಸಿಳಿದವರು
ಮೊದಲು ಸೀನುತ್ತಾರೆ, ಆಮೇಲೆ ಊರು ನೋಡುತ್ತಾರೆ.

ನಾನು ಕೋಲ್ಡ್ ಸ್ಟೋರೇಜಿನ ರಾತ್ರಿ ಪಾಳಿಯವ.
ಮೂರನೇ ಚೇಂಬರು ಖಾಲಿಯಿದ್ದಷ್ಟು ದಿನ
ಅದು ನಮ್ಮ ಬ್ಯಾಂಡಿನದು.
ಕಂಪ್ರೆಸರಿನ ಗುಂಯ್‌ಗೆ ಕೂಡುವಷ್ಟು
ಬೇಸಿನ ದಪ್ಪ ತಂತಿ ಸಡಿಲಿಸಿಕೊಂಡಿದ್ದೇನೆ.
ಶ್ರುತಿ ನಮ್ಮದು, ಕರೆಂಟು ಬಿಲ್ಲು ಮಾಲಕರದು.

ಜಗಳ ಹತ್ತಿದ್ದು ಒಂದು ಸಾಲಿಗೆ.
ಮಾಲತೇಶ ಬರೆದಿದ್ದ:
ಉರಿಯನ್ನು ಚೀಲದಲ್ಲಿ ಕಟ್ಟಿ ಮಾರುವೆವು ನಾವು.
ಮುಕ್ತುಮ್ ಚೀಟಿಯನ್ನು ಹಿಂದೆ ಮುಂದೆ ತಿರುವಿದ.
"ಇದನ್ನ ಗುಡುಗಾಕ ಬರಂಗಿಲ್ಲೋ.
ಶಬ್ದ ಶಬ್ದದ ಬುಡಕ್ಕೂ ಒಂದೊಂದು ಸ್ವರ,
ಬಾಯಿ ಮುಚ್ಚೂದ ಇಲ್ಲ,
ತೂತಬಿದ್ದ ಚೀಲದಾಗಿಂದ ಬೀಜ ಸೋರಿದಂಗ
ಉಸಿರು ಸೋರತೈತಿ.
ಬಾಗಿಲಾ ಬಡದಂಗ ಮುಗೀಬೇಕು ಮಾತು."

"ಮನ್ಯಾಗ ಮಾತಾಡಿದಂಗ ಬರಿಯಲ್ಲ," ಅಂದೆ.
ಯಾರೂ ಕೇಳಲಿಲ್ಲ.
ಬೇಸಿನವನ ಮಾತು ಕೇಳಿಸುವುದಿಲ್ಲ,
ಕಾಲಿಗೆ ತಾಗುತ್ತದೆ, ಅಷ್ಟೆ.

"ತಿಳೀದಿದ್ರ ಬರಿಯೂದ್ಯಾಕ?" ಮಾಲತೇಶ ದೇವರಗುಡ್ಡದವ.
"ನಮ್ಮೂರ ಗೊರವಯ್ಯ ಬಿಲ್ಲ ಏರಿ ಸದ್ದಲೇ ಅಂದ್ರ
ಅಷ್ಟೂ ಮಂದಿ ಗಪ್.
ಆಮ್ಯಾಲ ಒಂದ ಸಾಲು.
ವರ್ಷಾನಗಟ್ಲೆ ಅದಕ್ಕ ಅರ್ಥ ಹಚ್ಚತಾರ, ಹಚ್ಚಲಿ.
ಆದ್ರ ಸಾಲು ಕೇಳಿಸಿರತೈತಿ, ಮುಕ್ತುಮ್.
ಕೇಳಿಸಿರತೈತಿ."

ಫಕ್ಕೀರೇಶ ಗಿಟಾರು ಕೆಳಗಿಟ್ಟ.
ಅವನ ಪ್ರಕಾರ ಹಾಡುವವನ ಕಫದಲ್ಲಿ
ಕೆಂಪು ಗೆರೆ ಕಾಣಬೇಕು,
ಇಲ್ಲದಿದ್ದರೆ ಅದು ನಾಟಕ.
ಮುಕ್ತುಮ್ ಕುತ್ತಿಗೆಗೆ ಎರಡು ಬೆರಳಿಟ್ಟು ತೋರಿಸಿದ:
"ಒಳಗ ಎರಡು ಜೋಡಿ ಪರದೆ.
ಕೆಳಗಿಂದು ಖರೇದು, ಮ್ಯಾಲಿಂದು ಸುಳ್ಳು.
ಹೊಟ್ಟಿಯಿಂದ ಗಾಳಿ ತಂದು ಸುಳ್ಳಿನ್ನ ನಡಗಸಬೇಕು,
ಖರೇದನ್ನ ಮುಟ್ಟಬಾರ್ದು."
"ಸುಳ್ಳ ಪರದೀಲೆ ಖರೇ ಸಿಟ್ಟ ಹೆಂಗೋ?"
"ನಾಳೆನೂ ಸಿಟ್ಟಾಗೂದೈತಲ್ಲೋ, ಅದಕ್ಕ."

ಐದೂವರೆ. ಬಾಗಿಲಲ್ಲಿ ಹುಲಿಗೆವ್ವ,
ಕೊಡ ಕಂಕುಳಲ್ಲಿ, ಸೆರಗು ಮೂಗಿಗೆ.
ಇಪ್ಪತ್ತೆಂಟು ಸುಗ್ಗಿ ಕಾಯಿಯ ತುಂಬು ಬಿಡಿಸಿದವಳು.
"ಏನ್ರೋ, ಮೋಟ್ರ ಕೆಟ್ಟೈತೇನು?"

ಒಂದೇ ಬಾಯಲ್ಲಿ ಎರಡು ದನಿ:
ಒಂದು ಕಲ್ಲಿನ ಮೇಲೆ ಕಬ್ಬಿಣ ಎಳೆದಂತೆ,
ಇನ್ನೊಂದು ಅದರ ಕೆಳಗೆ, ಎಲ್ಲೋ, ನನ್ನ ತಂತಿಯ ಹತ್ತಿರ.
ಮುಕ್ತುಮ್ ನಾಲ್ಕು ವರ್ಷ
ಬಿಸಿನೀರು ಮುಕ್ಕಳಿಸಿ ಹುಡುಕಿದ್ದು.

"ಅವ್ವಾ, ಇನ್ನೊಮ್ಮೆ ಅನ್ನ."
"ಏನ ಅನ್ನೂದು? ಕೆಮ್ಮ ಇದು.
ಬಂದದ್ದು ಹೋಗವಲ್ದು. ನಿಂದು ಹೋಗತೈತೇನು?"
"ಹೋಗತೈತಿ. ಚಾ ಕುಡಿಯೂದ್ರಾಗ ಸರಳ ದನಿ ಬರತೈತಿ."
ಅವಳು ಅವನ ಕುತ್ತಿಗೆಯನ್ನೇ ನೋಡಿದಳು,
ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ.
"ಹಂಗಾರ ಚಲೋ ಕಲ್ತಿ, ತಮ್ಮಾ," ಅಂದಳು.
ಕೊಡ ತುಂಬಿತು. ಹೋದಳು.

ಫಕ್ಕೀರೇಶ ಆಮೇಲೆ ರಕ್ತದ ಮಾತೆತ್ತಲಿಲ್ಲ.
ಒಪ್ಪಿದ ಅಂತಲ್ಲ,
ಪಿಕ್ಕು ಎಲ್ಲೋ ಬಿದ್ದಿತ್ತು, ಹುಡುಕುತ್ತಿದ್ದ.
ಮಾಲತೇಶ ಪೆನ್ನಿನ ತುದಿ ಕಚ್ಚಿ
ಸಾಲಿಗೆ ತುಂಬು ಬಿಡಿಸತೊಡಗಿದ.
ಅನ್ನು ಹೋಯಿತು. ಅಲ್ಲಿ ಹೋಯಿತು. ಎವು ಹೋಯಿತು.
ಉಳಿದದ್ದು:
ಚೀಲದಾಗ್ ಉರಿ ಕಟ್ಟಿ ಮಾರ್ತೀವ್.

ಮುಕ್ತುಮ್ ಅದನ್ನು ಒಮ್ಮೆ ಗುಡುಗಿದ.
ವ್ ಎಂಬಲ್ಲಿ ಬಾಗಿಲು ಬಿತ್ತು.
ನಾನೇನೂ ಅನ್ನಲಿಲ್ಲ, ತಂತಿ ಮೀಟಿದೆ.

ಮರುದಿನ ಮೂರನೇ ಚೇಂಬರಿಗೆ
ಎರಡು ಲಾರಿ ಮಾಲು ಬಂತು.
ಹಾಡು ಇನ್ನೂ ಒಂದೇ ಸಾಲಿನದು.