ನನ್ನದೇ ಕೈಬರಹ

ಥಂಡರ್ ಬೇ ಅಂಚೆ ಕಚೇರಿಯ ಹಿಂಬದಿ ಕೋಣೆಯಲ್ಲಿ
ರಾತ್ರಿ ಹನ್ನೊಂದರಿಂದ ಬೆಳಗಿನ ಏಳರ ತನಕ
ಕಾಗದ ವಿಂಗಡಿಸುವುದು ನನ್ನ ಕೆಲಸ.
ಹೆಸರು ಹೆಲ್ವಿ ರಂತಾಲ. ವಯಸ್ಸು ಐವತ್ತೊಂದು.
ಕಥೆ ಬರೆಯುತ್ತೇನೆಂಬುದು ಇಲ್ಲಿ ಯಾರಿಗೂ ತಿಳಿಯದು,
ಪಕ್ಕದ ಮೇಜಿನ ಓರ್ವೋನನ್ನು ಬಿಟ್ಟರೆ;
ಅವನಿಗೂ ನಾನು ಹೇಳಿದ್ದಲ್ಲ, ಲಕೋಟೆ ಹೇಳಿತು.

ನಿಯಮ ಗೊತ್ತಿರಬಹುದು ನಿಮಗೆ:
ಕಥೆಯ ಜೊತೆ ಇನ್ನೊಂದು ಲಕೋಟೆ ಇಡಬೇಕು,
ಮೇಲೆ ನಮ್ಮದೇ ವಿಳಾಸ, ನಮ್ಮದೇ ಸ್ಟಾಂಪು.
ಬೇಡವೆನ್ನುವ ಖರ್ಚೂ ಬೇಡಿದವರದೇ.
ಟೊರಾಂಟೊದಿಂದ, ಹ್ಯಾಲಿಫ್ಯಾಕ್ಸಿನಿಂದ, ಒಮ್ಮೆ ವಿನಿಪೆಗ್ಗಿನಿಂದ
ಅದು ಚೀಲದೊಳಗೆ ಉರುಳಿ ಬಂದು
ನನ್ನ ಮೇಜಿನ ಮೇಲೇ ಬೀಳುತ್ತದೆ.
ಸಾವಿರ ಕಾಗದಗಳ ನಡುವೆ ನನ್ನದೇ ಕೈಬರಹ,
ಆರ್ ಅಕ್ಷರದ ಕಾಲು ಸ್ವಲ್ಪ ಮುಂದೆ ಚಾಚಿಕೊಂಡು,
ಹೊಸ್ತಿಲಲ್ಲಿ ನಿಂತು ಒಳಗೆ ಬರಲೋ ಎಂದು ಕೇಳುವ ನೆಂಟನ ಹಾಗೆ.

ತೂಕದಲ್ಲೇ ತಿಳಿಯುತ್ತದೆ.
ದಪ್ಪಗಿದ್ದರೆ ಕಥೆ ವಾಪಸು,
ಅಂಗಡಿಯವನು ಹಿಂದಕ್ಕೆ ಚಾಚಿದ ಹರಿದ ನೋಟು.
ಒಳಗೊಂದು ಚೀಟಿ, ಅಂಗೈಯಗಲ:
‘ನಮ್ಮ ಸದ್ಯದ ಅಗತ್ಯಕ್ಕೆ ಹೊಂದುವುದಿಲ್ಲ.’
ಸದ್ಯ ಎಂಬ ಪದದ ಮೇಲೆ
ಎರಡು ಚಳಿಗಾಲ ಕಳೆದೆ ನಾನು.

ನೋಟ್‌ಬುಕ್ಕಿನಲ್ಲಿ ಲೆಕ್ಕವಿದೆ.
‘ಸೌನಾದೊಳಗೆ ಇಬ್ಬರು’, ನಾಲ್ಕು ಸಲ ಹೋಗಿ ನಾಲ್ಕು ಸಲ ಬಂತು.
‘ಹಿಮ ಒಡೆವ ಹಡಗು’, ಒಂದೇ ಸಲ. ಆಮೇಲೆ ನನಗೇ ನಾಚಿಕೆಯಾಗಿ
ಒಲೆಗೆ ಹಾಕಿದೆ; ಚೆನ್ನಾಗಿ ಉರಿಯಿತು,
ಬರೆದದ್ದಕ್ಕಿಂತ ಚೆನ್ನಾಗಿ.
‘ತೂಕದವನ ಹೆಂಡತಿ’ ಏಳನೇ ಸಲ ಬಂದಾಗ
ಚೀಟಿಯ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ
‘ತಕ್ಕಡಿಯ ಭಾಗ ಇಷ್ಟವಾಯಿತು’ ಎಂದಿದ್ದರು. ಸಹಿ ಇಲ್ಲ.
ಮೂರೇ ಪದ. ಅಷ್ಟನ್ನೇ ಹಿಡಿದು
ಇಡೀ ಕಥೆಯನ್ನು ತಕ್ಕಡಿಯಿಂದ ಶುರುಮಾಡಿ ಮತ್ತೆ ಬರೆದೆ,
ಗಂಡನ ಸಾವನ್ನು ಹದಿನಾಲ್ಕನೇ ಪುಟದಿಂದ ಎರಡನೆಯದಕ್ಕೆ ತಂದೆ.
ಪಾಪ, ಬೇಗ ಸತ್ತ. ಕಥೆ ಬದುಕಿತೆಂದುಕೊಂಡೆ.
ಎಂಟು, ಒಂಬತ್ತು. ಮರಳಿ ಬಂತು.

ಮಾರ್ಚಿಯ ಒಂದು ಮಂಗಳವಾರ, ಬೆಳಗಿನ ಜಾವ ಮೂರೂಕಾಲು.
ಸರೋವರ ಇನ್ನೂ ಹೆಪ್ಪುಗಟ್ಟಿತ್ತು.
ನನ್ನ ಕೈಬರಹ ಬಂತು. ಅದೇ ದೊಡ್ಡ ಲಕೋಟೆ, ಹೊಟ್ಟೆ ಖಾಲಿ.
ದೀಪಕ್ಕೆ ಹಿಡಿದರೆ ಸಾಲುಗಳು ಕಂಡಾವು, ಅಷ್ಟು ತೆಳ್ಳಗೆ.
ಹಿಡಿಯಲಿಲ್ಲ.
ಇಪ್ಪತ್ತಾರು ವರ್ಷದಲ್ಲಿ ಯಾರ ಕಾಗದವನ್ನೂ ದೀಪಕ್ಕೆ ಹಿಡಿದವಳಲ್ಲ;
ನನ್ನದಾದರೂ, ಬಾಗಿಲು ಮುಟ್ಟುವವರೆಗೆ ಅದು ಸರ್ಕಾರದ್ದು.
‘ಒಡೆಯೇ ಮಾರಾಯ್ತಿ’ ಎಂದ ಓರ್ವೋ.
‘ಪಾಳಿ ಮುಗಿದಿಲ್ಲ’ ಎಂದೆ.
ನಮ್ಮ ಬೀದಿಯ ಗೂಡಿಗೆ ಸೇರಿಸಿದೆ,
ಕರೆಂಟ್ ಬಿಲ್ಲಿಗೂ ಬೀಜದ ಕ್ಯಾಟಲಾಗಿಗೂ ನಡುವೆ.

ಮನೆಗೆ ಹೋದೆ. ಮಲಗಲಿಲ್ಲ.
ರೈ ಬ್ರೆಡ್ಡು ಕೊಯ್ದೆ, ತಿನ್ನಲಿಲ್ಲ.
ಹನ್ನೊಂದಕ್ಕೆ ಬರಬೇಕಾದ ಡುಟ್‌ಚಾಕ್
ಅವತ್ತೇ ಹನ್ನೆರಡೂ ಹತ್ತಕ್ಕೆ ಬಂದ,
ಎದುರುಮನೆಯ ನಾಯಿಯನ್ನು ಬೈಯುತ್ತ.
ಅವನು ಬೀದಿ ತಿರುಗುವವರೆಗೂ ಕೈಯಲ್ಲೇ ಇಟ್ಟುಕೊಂಡಿದ್ದೆ.

‘ಕಥೆ ತೆಗೆದುಕೊಳ್ಳುತ್ತೇವೆ. ಕೊನೆಯ ಪ್ಯಾರಾ ಬೇಡ.
ಸಂಭಾವನೆ ಹದಿನೈದು ಡಾಲರ್, ಎರಡು ಪ್ರತಿ.’

ಕೊನೆಯ ಪ್ಯಾರಾ ನನಗೆ ಬಲು ಇಷ್ಟದ್ದು:
ಗೋದಿಯ ಲಾರಿಗಳೆಲ್ಲ ಹೋದ ಮೇಲೆ
ಹೆಂಡತಿ ಖಾಲಿ ತಕ್ಕಡಿಯ ಮೇಲೆ ತಾನೇ ನಿಲ್ಲುತ್ತಾಳೆ.
ಅರ್ಧ ದಿನ ಸಿಟ್ಟಿನಲ್ಲಿದ್ದೆ.
ಸಂಜೆ ಅದಿಲ್ಲದೆ ಓದಿದೆ.
ಅವಳು ಆಗಲೇ ನಿಂತಿದ್ದಳು; ನಾನು ಹೇಳಬೇಕಿರಲಿಲ್ಲ.

ಹದಿನೈದು ಡಾಲರ್. ಸ್ಟಾಂಪಿಗೆ ಸುರಿದದ್ದು ಹತ್ತೊಂಬತ್ತು ಚಿಲ್ಲರೆ.
ಇರಲಿ ಬಿಡಿ.

ಎರಡನೇ ಪ್ರತಿಯನ್ನು ಓರ್ವೋಗೆ ಕೊಟ್ಟೆ.
ಊಟದ ಬಿಡುವಿನಲ್ಲಿ, ತುಟಿ ಆಡಿಸುತ್ತ ಓದಿ,
‘ತಕ್ಕಡಿ ಇದ್ದದ್ದು ಗೇಟಿನ ಎಡಕ್ಕೆ, ಬಲಕ್ಕಲ್ಲ’ ಎಂದ.
ಬೇರೇನೂ ಹೇಳಲಿಲ್ಲ.
ಪ್ರತಿಯನ್ನು ಹಿಂದಿರುಗಿಸಲೂ ಇಲ್ಲ.

ಈ ರಾತ್ರಿ ‘ಸೌನಾ’ ಐದನೇ ಸಲ ಹೊರಟಿದೆ.
ಬಂದ ಚೀಲದಲ್ಲಿ ಬೇರೆ ಯಾರದೋ ದಪ್ಪ ಲಕೋಟೆ,
ರೆಡ್ ರಿವರ್ ರಸ್ತೆಯದು, ಎಳೆಯ ಅಕ್ಷರ,
ತನಗೆ ತಾನೇ ಬರೆದುಕೊಂಡ ವಿಳಾಸ.
ಆ ಗೂಡು ದೂರ, ಎಸೆಯುವುದು ನಮ್ಮ ರೂಢಿ.
ಎಸೆಯಲಿಲ್ಲ. ಎದ್ದು ಹೋಗಿ ಇಟ್ಟೆ.