ಮೂರನೇ ಸಾಕು

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ
ನಾವು ಏಳು ಜನ, ತಪ್ಪಲೆ ಒಂದು.
ಅಮ್ಮ ಪಾವಿಗೆ ರಾಗಿಹಿಟ್ಟು ತುಂಬಿ
ಹೆಬ್ಬೆರಳಿಂದ ಅದರ ತಲೆ ಸವರುವಳು,
ಉದುರಿದ್ದು ಮತ್ತೆ ಡಬ್ಬಕ್ಕೆ.
ಅಪ್ಪನಿಗೆ ಒಂದೂವರೆ, ಅಣ್ಣಂದಿರಿಗೆ ಒಂದೊಂದು,
ನಮಗೆ ಮುಕ್ಕಾಲು,
ತನಗೆ ತಪ್ಪಲೆ ತಳದ ಸೀಕಲು.
ಅಲ್ಲಿ ಸಾಕು ಅಂದರೆ ಸಾಕು.
ಏಳು ಜನರನ್ನು ಸಾಕಿದ್ದೇ ಆ ಸಾಕು.

ಮದುವೆಯಾಗಿ ಹೊಳೆನರಸೀಪುರದಲ್ಲಿ ಮೊದಲ ರಾತ್ರಿ ಊಟ.
ಅತ್ತೆ ಚಲುವಮ್ಮ ಎಲೆಗೆ ಇಳಿಸಿದ ಮುದ್ದೆ
ಮಗುವಿನ ತಲೆಯಷ್ಟು. ಉತ್ಪ್ರೇಕ್ಷೆಯಲ್ಲ,
ಬೇಕಾದರೆ ಎರಡು ತಿಂಗಳ ಮಗು ಅನ್ನಿ.
ಸುತ್ತ ಅವರೆಕಾಳು ಸಾರು ಕೆರೆ ಕಟ್ಟಿತ್ತು,
ನಾನು ಏರಿಯ ಕಡೆಯಿಂದ ಮುರಿಯುತ್ತಾ ಹೋದೆ.
ಅರ್ಧ ಇಳಿದಿರಬೇಕು, ಸಾಕು ಅತ್ತೆ ಅಂದೆ.
ಧೊಪ್ಪನೆ ಇನ್ನೊಂದು ಅರ್ಧ ಬಿತ್ತು.

ಆ ಮನೆಯಲ್ಲಿ ಮೊದಲನೇ ಸಾಕು ನಾಚಿಕೆ,
ಎರಡನೇದು ಮರ್ಯಾದೆ,
ಮೂರನೇದನ್ನು ಮಾತ್ರ ಕಿವಿಗೆ ಹಾಕಿಕೊಳ್ಳುತ್ತಾರೆ,
ಅದೂ ಎರಡೂ ಅಂಗೈ ಎಲೆಗೆ ಅಡ್ಡ ಹಿಡಿದರೆ.
ಯಾರು ಹೇಳಬೇಕು ನನಗೆ? ಗಂಡ
ತನ್ನ ಎರಡನೇ ಮುದ್ದೆಯಲ್ಲಿ ಮುಳುಗಿದ್ದ.
ಎಸೆಯುವುದು ನಮ್ಮ ಕಡೆ ಗೊತ್ತಿಲ್ಲ.
ನುಂಗಿದೆ, ನುಂಗಿದೆ, ಕಣ್ಣಲ್ಲಿ ನೀರು ಬಂತು.
ತವರು ನೆನೆಸಿಕೊಂಡಳು ಪಾಪ ಅಂತ
ಮೇಲೊಂದು ಮಿಳ್ಳೆ ತುಪ್ಪ.

ಆಷಾಢ ಕಳೆದು ನನ್ನನ್ನು ಕರೆದೊಯ್ಯಲು ಅತ್ತೆಯೇ ಬಂದರು.
ಅಮ್ಮ ಪಾಯಸ ಮಾಡಿದ್ದಳು,
ಪಕ್ಕದ ಗಾರ್ಡ್ ಮನೆಯಿಂದ ಅಂಚಿರುವ ತಟ್ಟೆ ತಂದಿದ್ದಳು,
ಆವತ್ತು ಪಾವಿನ ತಲೆಯನ್ನೂ ಸವರಿರಲಿಲ್ಲ.
ಒಂದು ಮುದ್ದೆ ಮುಗಿಯಿತು.
ಅತ್ತೆ ತಟ್ಟೆಯ ಮೇಲೆ ಕೈ ಆಡಿಸಿ
ಸಾಕು ಬೀಗಿತ್ತಿ, ಅಂದರು.
ಅಮ್ಮ ನಂಬಿದಳು.

ಮುದ್ದೆ ಮತ್ತೆ ತಪ್ಪಲೆಗೆ ಇಳಿದ ಸದ್ದು
ನನಗೆ ಈಗಲೂ ಕೇಳುತ್ತೆ.
ಅತ್ತೆ ಬೆರಳು ನೆಕ್ಕಿದರು,
ಗೋಡೆಯ ಕ್ಯಾಲೆಂಡರು ನೋಡಿದರು,
ನೀರು ಕುಡಿದರು, ಇನ್ನೊಂದು ಸಲ ಕುಡಿದರು.
ನಾನು ಕಣ್ಣಲ್ಲೇ ಅಮ್ಮನಿಗೆ ಹೇಳಿದೆ,
ಅಮ್ಮ ನನ್ನ ತಟ್ಟೆಗೆ ಉಪ್ಪು ಹಾಕಿದಳು.

ಹಾಸನದಲ್ಲಿ ಬಸ್ಸು ಬದಲಿಸುವಾಗ
ಅತ್ತೆ ಅರ್ಧ ಡಜನ್ ಬಾಳೆಹಣ್ಣು, ಎರಡು ಬನ್ನು
ನಿಂತಲ್ಲೇ ತಿಂದು, ನನಗೂ ಒಂದು ಬನ್ನು ಕೊಟ್ಟು
ಏನೂ ಅನ್ನಲಿಲ್ಲ.
ಬಸ್ಸು ಹೊರಟ ಮೇಲೆ, ಕಿಟಕಿಗೆ ಹೇಳುವಂತೆ:
"ನಿಮ್ಮಮ್ಮ ಮಾತು ನಂಬೋ ಜನ ಕಣವ್ವ."
ಅದು ದೂರೋ ಹೊಗಳಿಕೆಯೋ,
ಹದಿನಾರು ವರ್ಷ ಆಯಿತು, ತೀರ್ಮಾನವಾಗಿಲ್ಲ.

ಆ ದಿನ ಅರಸೀಕೆರೆಯಲ್ಲಿ ಪಾಯಸ ಉಳಿದಿತ್ತಂತೆ.
ಅಮ್ಮನೂ ಕೂತು ಒಂದು ಲೋಟ ಪೂರ್ತಿ ಕುಡಿದಳಂತೆ.
ನಿಮ್ಮತ್ತೆ ಹೊಟ್ಟೆ ತುಂಬ ಉಂಡರು ಅಲ್ವಾ,
ಅಂತ ಫೋನಲ್ಲಿ ಕೇಳಿದಳು.
ತುಂಬ, ಅಂದೆ.

ಈಗ ಮುದ್ದೆಕೋಲು ನನ್ನ ಕೈಲಿ.
ಗಂಡನಿಗೆ ದೊಡ್ಡದು, ಮಗಳಿಗೆ ಅವಳು ಬೈದಷ್ಟು ಸಣ್ಣದು,
ನನ್ನದು ಯಾವ ಊರಿನ ಅಳತೆಯೋ, ದಿನಕ್ಕೊಂದು.
ಅತ್ತೆಗೆ ಸಕ್ಕರೆ ಕಾಯಿಲೆ.
ನಿಮ್ಮ ಮುಷ್ಟಿಯಷ್ಟೇ ಊಟ, ಅಂದರು ಡಾಕ್ಟರು.
ಅತ್ತೆ ಮೇಜಿನ ಮೇಲೆ ಮುಷ್ಟಿ ಕಟ್ಟಿ ಇಟ್ಟರು.
ನಲವತ್ತು ವರ್ಷ ಗದ್ದೆ ಕೊಯ್ದ ಮುಷ್ಟಿ.
ಡಾಕ್ಟರು ಅದನ್ನು ನೋಡಿ, ಅದರಲ್ಲಿ ಅರ್ಧ, ಅಂದರು.

ನೆನ್ನೆ ರಾತ್ರಿ
ಆ ಅರ್ಧ ಇಟ್ಟು, ಬಸ್ಸಾರು ಬಿಡುತ್ತಿದ್ದೆ.
ಸಾಕು, ಅಂದರು.
ಅಂಗೈ ಅಡ್ಡ ಇರಲಿಲ್ಲ.
ನಾನು ಎರಡನೇದಕ್ಕೆ ಕಾದೆ.
ಸೌಟು ಗಾಳಿಯಲ್ಲಿ, ತೊಟ್ಟು ತೊಟ್ಟು ಸಾರು
ತಟ್ಟೆಯ ಅಂಚಿಗೆ, ಒಂದೆರಡು ನೆಲಕ್ಕೆ.
ಅತ್ತೆಯೂ ತಲೆ ಎತ್ತಿ
ಸೌಟನ್ನೇ ನೋಡುತ್ತಿದ್ದರು.